ಯಂತ್ರಕ್ಕೆ ‘ನೋಡುವ’ ಅರ್ಥವಾಗುವುದಿಲ್ಲ

ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ನಾನು ಮೊದಲು ನೋಡುವುದು, ಊಟದ ಮೇಜಿನ ಮೇಲೆ ನಮಗೆ ಎಷ್ಟು ಜಾಗ ಉಳಿದಿದೆ ಎಂದು. ಆ ದಿನವೂ ಹಾಗೆಯೇ. ನೀರುದೋಸೆಯ ಕಾವಲಿ ಒಲೆಗೇರಿಸಿ, ಕಾಯಿಬೆಲ್ಲದ ಬಟ್ಟಲು ಹಿಡಿದುಕೊಂಡು ಬಂದರೆ, ಮೇಜಿನ ಮುಕ್ಕಾಲು ಭಾಗ ಸೊಸೆ ಪ್ರಜ್ಞಾಳ ಲ್ಯಾಪ್‌ಟಾಪು, ಅದರ ವಯರುಗಳು, ನೀರಿನ ಬಾಟಲಿ. ಉಳಿದ ಮೂಲೆಯಲ್ಲಿ ಮಗ ತಟ್ಟೆಯನ್ನು ಓರೆಯಾಗಿ ಇಟ್ಟು ತಿಂದು, ಮೆಲ್ಕಾರಿನ ಕಾಲೇಜಿಗೆ ಪಾಠ ಮಾಡಲು ಹೊರಟ. ಪ್ರಜ್ಞಾ ಮೈಸೂರಿನವಳು. ಮದುವೆಯಾಗಿ ನಮ್ಮ ಬಂಟ್ವಾಳಕ್ಕೆ ಬಂದ ಮೇಲೂ ಕಂಪೆನಿಯ ಕೆಲಸವನ್ನು ಮನೆಯಲ್ಲೇ ಕುಳಿತು ಮಾಡುತ್ತಾಳೆ. ಅವಳು ನನ್ನಲ್ಲಿ ಕೇಳಿರುವುದು ಒಂದೇ ಒಂದು: ಬಾಗಿಲಿರುವ ಕೋಣೆ. ಅಡುಗೆಮನೆಯ ಪಕ್ಕದ ಸ್ಟೋರ್ ರೂಮು ಖಾಲಿ ಮಾಡಿಕೊಟ್ಟರೆ ಸಾಕಂತೆ. ಕೇಳಿದಾಗಲೆಲ್ಲ ನಾನು ಬಹಳ ಪ್ರೀತಿಯಿಂದಲೇ ‘ನೋಡುವ’ ಎಂದಿದ್ದೇನೆ.

ಈ ‘ನೋಡುವ’ ನಮ್ಮ ಕಡೆಯ ಒಂದು ವಿಶೇಷ. ಮದುವೆಯಾದ ಹೊಸತರಲ್ಲಿ ನಾನು ಏನಕ್ಕೋ ಹಾಗೆ ಹೇಳಿದಾಗ ಪ್ರಜ್ಞಾ ಸೀರೆಯ ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದಳು. “ಎಲ್ಲಿಗೆ ಅತ್ತೆ, ಏನು ನೋಡೋದು?” ಪಾಪ. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗುರುವಾಯನಕೆರೆಯ ಬಡಗಿ ನಮ್ಮ ಕಿಟಕಿಯ ಚಿಲಕಕ್ಕೆ ಹೇಳಿರುವುದೂ ಇದನ್ನೇ. ಆ ಕಿಟಕಿಯನ್ನು ಈಗಲೂ ಹಗ್ಗದಲ್ಲಿ ಕಟ್ಟುತ್ತೇವೆ. ಮುಖಕ್ಕೆ ಹೊಡೆದ ಹಾಗೆ ‘ಆಗುವುದಿಲ್ಲ’ ಎನ್ನುವುದು ನಮಗೆ ಕಷ್ಟ. ಅದರ ಮೇಲೆ ನಾನು ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಸಿಸ್ಟರ್ ಕೆಟ್ಟ ಅಭ್ಯಾಸಗಳ ಪಟ್ಟಿಯಲ್ಲಿ ‘ನೋ’ ಎಂಬ ಶಬ್ದವನ್ನು ಉಗುರು ಕಚ್ಚುವುದರ ಪಕ್ಕದಲ್ಲೇ ಇಟ್ಟಿದ್ದರು. ಊರು ಮತ್ತು ಶಾಲೆ ಎರಡೂ ಸೇರಿ ನನ್ನನ್ನು ಇಷ್ಟು ಮೃದುವಾಗಿ ಮಾಡಿವೆ.

ದೋಸೆ ಬಡಿಸುತ್ತಾ ನಾನು ಅವಳ ಪರದೆಯನ್ನು ಇಣುಕಿದೆ. ನನಗೆ ಮೊದಲಿನಿಂದಲೂ ಕುತೂಹಲ ಜಾಸ್ತಿ. “ಇವತ್ತು ಬೆಳಿಗ್ಗೆ ಬೆಳಿಗ್ಗೆಯೇ ಎಂಥದು ಇದು?” ಎಂದು ಕೇಳಿದೆ. ಆಗ ಗೊತ್ತಾಯಿತು, ಅವಳು ನಿಜವಾಗಿ ಕೆಲಸ ಮಾಡುವ ಕಂಪ್ಯೂಟರು ನಮ್ಮ ಮನೆಯಲ್ಲೇ ಇಲ್ಲ! ಅದು ಕ್ಲೌಡಿನಲ್ಲಿ, ಅಂದರೆ ಎಲ್ಲೋ ದೂರದ ಒಂದು ದೊಡ್ಡ ಕಟ್ಟಡದಲ್ಲಿ ಬಾಡಿಗೆಗೆ ಉಂಟು. ಈ ಲ್ಯಾಪ್‌ಟಾಪು ಅದಕ್ಕೊಂದು ಕಿಟಕಿ ಮಾತ್ರ. ಬಾಡಿಗೆ ಏರದಿರಲಿ ಎಂದು ಕಂಪೆನಿಯವರು ಸಂಜೆ ಏಳಕ್ಕೆ ಅದು ತಾನಾಗಿ ಆಫ್ ಆಗುವ ಹಾಗೆ ಮಾಡಿಟ್ಟಿದ್ದಾರೆ.

“ಆದ್ರೆ ಇವತ್ತು ಅಂಥ ಆರು ಮೆಷಿನ್‌ನಲ್ಲಿ ಟೆಸ್ಟ್ ಓಡ್ತಿದೆ ಅತ್ತೆ. ಏಳಕ್ಕೆ ಆಫ್ ಆದ್ರೆ ಎಲ್ಲ ಮೊದಲಿಂದ. ನಾಳೆ ಬೆಳಿಗ್ಗೆ ನಾನು ತೋರಿಸಬೇಕು.”

“ಹಾಗಾದರೆ ಸ್ವಲ್ಪ ತಡೆಯಲು ಹೇಳಲಿಕ್ಕೆ ಆಗುವುದಿಲ್ಲವಾ?”

“ಅದನ್ನೇ ಬರೀತಿದೀನಿ. ಒಂದೊಂದಕ್ಕೂ ಹೋಗಿ ಬಟನ್ ಒತ್ತೋ ಬದಲು, ಈ ಕೋಡ್ ಓಡಿಸಿದ್ರೆ ಆರಕ್ಕೂ ಒಟ್ಟಿಗೆ ಹೇಳುತ್ತೆ, ಆಫ್ ಆಗೋದನ್ನ ಮುಂದಕ್ಕೆ ಹಾಕಿ ಅಂತ. ಎಷ್ಟು ಗಂಟೆವರೆಗೆ ಅನ್ನೋದು ಮಾತ್ರ ಸಂಜೆ ಹಾಕ್ಬೇಕು.”

“ಗಂಟೆ ಯಾಕೆ? ‘ನೋಡುವ’ ಅಂತ ಬರೆ.”

“ಅದಕ್ಕೆ ‘ನೋಡುವ’ ಅರ್ಥ ಆಗಲ್ಲ ಅತ್ತೆ” ಎಂದಳು. ನಕ್ಕಳೋ ಇಲ್ಲವೋ ನೋಡುವಷ್ಟರಲ್ಲಿ ನನ್ನ ದೋಸೆ ಕಾವಲಿಗೆ ಹಿಡಿದಿತ್ತು.

ದಿನವಿಡೀ ನನಗೆ ಅದೇ ಯೋಚನೆ. ಬೇಳೆ ತೊಳೆಯುವಾಗ, ಬಟ್ಟೆ ಮಡಚುವಾಗ, ಆ ಆರು ಯಂತ್ರಗಳು ಕತ್ತಲೆ ಕೋಣೆಯಲ್ಲಿ ಸಾಲಾಗಿ ಕುಳಿತ ಹಾಗೆ ಕಾಣುತ್ತಿತ್ತು. ಆಫ್ ಆಗುವ ಮೊದಲು ಅವು ಒಂದಕ್ಕೊಂದು ಏನಾದರೂ ಹೇಳಿಕೊಳ್ಳುತ್ತವೆಯೇ? ಕೋಡಿನಲ್ಲಿ ಎಲ್ಲಿಯಾದರೂ ‘ಪ್ಲೀಸ್’ ಉಂಟೇ? ಮಧ್ಯಾಹ್ನ ಅವಳು ಕೈ ತೊಳೆಯಲು ಹೋದಾಗ ಮೇಲಿಂದ ಕೆಳಗೆ ಓದಿದೆ. ಎಲ್ಲಿಯೂ ಇಲ್ಲ. ನಮ್ಮ ಸಿಸ್ಟರ್ ಆಗಿದ್ದರೆ ಅದನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಸಂಜೆ ಏಳಕ್ಕೆ ಹತ್ತು ನಿಮಿಷವಿರುವಾಗ ಪ್ರಜ್ಞಾಳಿಗೆ ಆಫೀಸಿನಿಂದ ಫೋನು ಬಂತು. ಅದೇ ಹೊತ್ತಿಗೆ ನನ್ನ ಕಡಲೆಯ ಕುಕ್ಕರು ಸೀಟಿ ಹೊಡೆಯಿತು. ಅವಳು ಇನ್ನೊಂದು ಕಿವಿ ಮುಚ್ಚಿಕೊಂಡು ಅಂಗಳಕ್ಕೆ ಓಡಿದಳು. ಬೇರೆ ಎಲ್ಲಿಗೆ ಹೋಗುವುದು? ಮುಚ್ಚಿಕೊಳ್ಳಲು ಬಾಗಿಲಿಲ್ಲವಲ್ಲ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಒಂದು ಚೀಟಿ ಮೂಡಿತು: ಈ ಯಂತ್ರ ಏಳಕ್ಕೆ ಆಫ್ ಆಗುತ್ತದೆ.

ನಾನು ಅಂಗಳಕ್ಕೆ ಹೋಗಿ ಕೈಸನ್ನೆ ಮಾಡಿದೆ. ಪೇರಳೆ ಮರದ ಕೆಳಗೆ ನಿಂತು ಅವಳು ಮೇಲಿನವರಿಗೆ ಏನೋ ಒಪ್ಪಿಸುತ್ತಿದ್ದಳು. ಮಾತು ನಿಲ್ಲಿಸುವ ಹಾಗಿಲ್ಲ. ಕಣ್ಣು ಅಗಲಿಸಿ, ಒಂದು ಕೈಯ ಐದು ಬೆರಳು ತೋರಿಸಿ, ಮತ್ತೆ ನಾಲ್ಕು ತೋರಿಸಿದಳು. ಒಂಬತ್ತು. ಆಮೇಲೆ ಗಾಳಿಯಲ್ಲಿ ಒಂದು ಗುಂಡಿ ಒತ್ತಿದಳು.

ಒಳಗೆ ಬಂದು ಕುಳಿತೆ. ಕೋಡು ಗಂಟೆ ಎಷ್ಟೆಂದು ಕೇಳಿ ಕಾಯುತ್ತಿತ್ತು. ಅವಳ ದಿನದ ದುಡಿಮೆಯೆಲ್ಲ ಈಗ ಸೌತೆಕಾಯಿ ಹೆಚ್ಚಿದ ನನ್ನ ಕೈಯಲ್ಲಿ. ಕೈ ಒರೆಸಿಕೊಂಡು ‘ನೈನ್ ಓ ಕ್ಲಾಕ್ ಪ್ಲೀಸ್’ ಎಂದು ಬರೆದು ಒತ್ತಿದೆ. ಕೆಂಪು ಅಕ್ಷರ ಬಂತು. ಬಹುಶಃ ಮರ್ಯಾದೆ ಹೆಚ್ಚಾಯಿತು. ಬರೇ ಒಂಬತ್ತು ಎಂದು ಹಾಕಿದೆ. ಮತ್ತೆ ಕೆಂಪು: ಆ ಹೊತ್ತು ಆಗಲೇ ಕಳೆದುಹೋಗಿದೆಯಂತೆ! ಎಲ್ಲಿ ಕಳೆಯಿತು ಮಾರಾಯ್ರೆ, ಇನ್ನೂ ದೇವರಿಗೆ ದೀಪವೇ ಹಚ್ಚಲಿಲ್ಲ ಎಂದುಕೊಂಡೆ. ಆಮೇಲೆ ಹೊಳೆಯಿತು, ಇದು ಬೆಳಿಗ್ಗೆಯ ಒಂಬತ್ತು ಎಂದು ತಿಳಿದಿದೆ. ರೈಲಿನವರ ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ಇರಬೇಕು. ಇಪ್ಪತ್ತೊಂದು ಎಂದು ಬರೆದು, ಕಣ್ಣು ಮುಚ್ಚಿ ಒತ್ತಿದೆ. ಕಣ್ಣು ಬಿಟ್ಟಾಗ ಒಂದರ ಕೆಳಗೊಂದು ಬಿಳಿ ಸಾಲುಗಳು, ಹಾಜರಿ ಕೂಗಿದ ಹಾಗೆ, ಆರೂ ಯಂತ್ರಗಳು ಆಫ್ ಆಗುವ ಹೊತ್ತು ಮುಂದಕ್ಕೆ ಹೋಯಿತು.

ಪ್ರಜ್ಞಾ ಓಡಿ ಬಂದು ಪರದೆ ನೋಡಿ ನನ್ನ ಹೆಗಲಿಗೆ ಗಲ್ಲ ಒತ್ತಿದಳು. “ಅಯ್ಯೋ ಅತ್ತೆ, ಇಪ್ಪತ್ತೊಂದು ಅಂತ ಹೇಳೋದೇ ಮರೆತಿದ್ದೆ!” ಊಟದ ಹೊತ್ತಿಗೆ ಟೆಸ್ಟು ಮುಗಿಯಿತು. ಮಗನೂ ಸೇರಿ ನಾವು ಮೂವರು ಅವಳ ವಯರುಗಳ ನಡುವೆ ತಟ್ಟೆ ಇಟ್ಟು ಕಡಲೆ ಗಸಿ ತಿಂದೆವು. ಅವಳು ಕೋಣೆಯ ವಿಷಯ ಎತ್ತಲಿಲ್ಲ. ಎತ್ತದೇ ಇದ್ದದ್ದನ್ನೇ ನನಗೆ ತಡೆಯಲಿಕ್ಕೆ ಆಗಲಿಲ್ಲ. ಗಂಟೆ ಹೇಳಿದ ಕೂಡಲೇ ಆ ಮರ್ಯಾದೆಯಿಲ್ಲದ ಯಂತ್ರ ಕೂಡ ಮಾತು ಕೇಳಿತು. ನಾನು ಈ ಹುಡುಗಿಗೆ ಇಷ್ಟು ದಿನ ಒಂದು ಗಂಟೆಯನ್ನೂ ಹೇಳಲಿಲ್ಲವಲ್ಲ. ಎದ್ದು ಸ್ಟೋರ್ ರೂಮಿನ ದೀಪ ಹಾಕಿದೆ. ಉಪ್ಪಿನಕಾಯಿ ಭರಣಿಗಳು, ಹಲಸಿನ ಹಪ್ಪಳದ ಡಬ್ಬ, ಹಳೆಯ ಫ್ರಿಜ್ಜಿನ ಥರ್ಮಾಕೋಲು, ಎಲ್ಲ ನನ್ನನ್ನೇ ನೋಡಿದವು.

ಆಗ ಪಕ್ಕದ ಮನೆಯ ಲೀನಾ ಬಾಯಿ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದರು. ಸಾಕ್ಷಿಗೆ ಒಬ್ಬರು ಸಿಕ್ಕಿದ ಸಂತೋಷದಲ್ಲಿ ನಾನು ಮಗ, ಸೊಸೆ ಇಬ್ಬರಿಗೂ ಕೇಳುವ ಹಾಗೆ ಸಾರಿದೆ: “ಬಾಯಿ, ಆದಿತ್ಯವಾರ ಬೆಳಿಗ್ಗೆ ಹತ್ತು ಗಂಟೆಗೆ ಸ್ಟೋರ್ ರೂಮು ಖಾಲಿ ಮಾಡ್ತೇನೆ. ಪ್ರಜ್ಞಾಳಿಗೆ ಆಫೀಸು ಅಲ್ಲಿ. ಹತ್ತು ಅಂದರೆ ಹತ್ತು!”

ಲೀನಾ ಬಾಯಿ ಹೆಪ್ಪಿನ ಲೋಟಕ್ಕೆ ಅಂಗೈ ಮುಚ್ಚಿ, ಮೆಟ್ಟಿಲಿಳಿದು ಚಪ್ಪಲಿ ಹುಡುಕುತ್ತಾ ಹೇಳಿದರು: “ಒಳ್ಳೆದಾಯ್ತು ಅಕ್ಕ. ಯಾವ ಆದಿತ್ಯವಾರ?”