ಮೊಣಕಾಲಿನದೂ ಒಂದು ಚಿತ್ರ ದಯಪಾಲಿಸಿ

ಎಂ.ಆರ್.ಐ. ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಅಯಸ್ಕಾಂತ ಸುಖವಾಗಿದೆಯೆಂದು ನಂಬಿ, ಜೇಬಿನ ಬೀಗದ ಕೈ ಹೊರಗಿಟ್ಟು, ದೂರದಿಂದಲೇ ಕೈ ಮುಗಿಯುತ್ತೇನೆ. ಮೊನ್ನೆ ತಮ್ಮ ಹೊಟ್ಟೆಯೊಳಗೆ ಅರ್ಧ ಗಂಟೆ ಮಲಗಿದ್ದ ವೆಲ್ಡರ್‌ನ ಅಣ್ಣನ ಮಗ ನಾನು. ಕೆಲಸ ಹುಡುಕಿಕೊಂಡು ಈ ಊರಿಗೆ ಬಂದಾಗಿನಿಂದ ಚಿಕ್ಕಪ್ಪನ ಕೋಣೆಯೇ ನನ್ನ ಮನೆ.

ರಕ್ತಪರೀಕ್ಷೆ ನೋಡಿದ ಡಾಕ್ಟರು, ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದರೂ ಇರಬಹುದು, ಸೂಜಿ ಚುಚ್ಚಿ ಪರೀಕ್ಷೆಗೆ ಚೂರು ತೆಗೆಯುವ ಮೊದಲು ತಾವೊಮ್ಮೆ ನೋಡಲಿ ಎಂದು ಕಳಿಸಿದರು. ದೂರದಲ್ಲಿರುವ ಚಿಕ್ಕಮ್ಮನಿಗೆ ಚಿಕ್ಕಪ್ಪ ಹೇಳಿದ್ದು ಮಾತ್ರ, "ಮೊಣಕಾಲು ನೋವು ಕಣೇ, ಏನಿಲ್ಲ."

ದೂರು ಇಲ್ಲಿಂದ ಶುರು. ತಮ್ಮ ಬಾಗಿಲು ಕಾಯುವ ನರ್ಸಮ್ಮ, "ಕಣ್ಣಿಗೆ ಯಾವಾಗಾದ್ರೂ ಕಬ್ಬಿಣದ ಚೂರು ಬಿದ್ದಿತ್ತಾ?" ಎಂದರು. ತೊಂದರೆ ಸೊಂಟದ ಕೆಳಗೆ, ವಿಚಾರಣೆ ಹುಬ್ಬಿನ ಕೆಳಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸದಾ ಕಣ್ಣುಜ್ಜುತ್ತಲೇ ಇರುವ ಚಿಕ್ಕಪ್ಪ "ಇಲ್ವೇ ಇಲ್ಲ" ಎಂದುಬಿಟ್ಟರು. ಚೂರು ಒಳಗೇ ಉಳಿದಿದ್ದರೆ ತಾವು ಅದನ್ನು ಎಳೆದಾಡಿ ಕಣ್ಣೇ ತೆಗೆಯುವಿರೆಂದು ಕೇಳಿ, ಕೆಲಸದಲ್ಲಿ ಒಮ್ಮೆ ಬಿದ್ದಿತ್ತೆಂದು ನಾನು ನಿಜ ಹೇಳಿದೆ. ಕಣ್ಣಿಗೆ ಎಕ್ಸ್‌ರೇ ಆಯಿತು, ಚೂರು ಸಿಗಲಿಲ್ಲ. ನನಗೆ ಸಿಕ್ಕಿದ್ದು, "ನಿನ್ನ ಬಾಯಿಗೇ ಮೊದ್ಲು ವೆಲ್ಡಿಂಗ್ ಹಾಕ್ಬೇಕಿತ್ತು ಕಣೋ."

ಆದರೂ ತಮ್ಮ ಮಹಿಮೆ ದೊಡ್ಡದು. ಊಟಕ್ಕೂ ನೆಟ್ಟಗೆ ಕೂರದ ಮನುಷ್ಯ, ತಾವು ಕಿವಿಯ ಪಕ್ಕದಲ್ಲೇ ತಗಡು ಬಡಿದರೂ ಮಿಸುಕಲಿಲ್ಲ. ಕೊನೆಗೆ ಒಂದು ಸಂಶಯದ ಚುಕ್ಕೆ ತೋರಿಸಿದಿರಿ. ಅದು ಕ್ಯಾನ್ಸರೋ ಅಲ್ಲವೋ ಎಂದರೆ ಸೂಜಿಯನ್ನೇ ಕೇಳಬೇಕಂತೆ. ಅಷ್ಟೊಂದು ಸದ್ದು ಮಾಡಿ ಕೇಳಿದ್ದಕ್ಕೆ ಮಾತ್ರ ಸುಮ್ಮನಾಗುವುದು ದೊಡ್ಡವರ ಲಕ್ಷಣ. ಸೂಜಿಗೆ ಗುರಿ ತೋರಿಸಿಕೊಟ್ಟಿರಲ್ಲ, ಅದಕ್ಕೆ ಋಣಿ.

ಈಗ ಚಿಕ್ಕಮ್ಮ "ಮೊಣಕಾಲಿನ ಫೋಟೋ ಕಳ್ಸು" ಎಂದು ಪಟ್ಟು ಹಿಡಿದಿದ್ದಾರೆ. ಬಾಯಿಬಿಡಕೂಡದೆಂದು ಚಿಕ್ಕಪ್ಪನ ಅಪ್ಪಣೆ. ಆದ್ದರಿಂದ ಅದೇ ಫಿಲ್ಮಿನ ಮೂಲೆಯಲ್ಲಿ ಒಂದು ಮೊಣಕಾಲನ್ನು, ಸಾಧ್ಯವಾದರೆ ತುಸು ಊದಿಕೊಂಡದ್ದನ್ನು, ಮೂಡಿಸಿಕೊಡಬೇಕೆಂದು ವಿನಂತಿ.

ಚಿಕ್ಕಪ್ಪನ ವಿಶ್ವಾಸ ಕಳೆದುಕೊಂಡು ಸದ್ಯಕ್ಕೆ
ತಮ್ಮ ವಿಶ್ವಾಸಿ,
ಬಾಯಿಬಡುಕ

ಮರೆತ ಮಾತು: ತಾವು ತಡಮಾಡಿದ್ದರಿಂದ ಇದ್ದ ಫಿಲ್ಮನ್ನೇ ತಲೆಕೆಳಗಾಗಿ ಹಿಡಿದು ಫೋಟೋ ತೆಗೆದು ಕಳಿಸಿದೆ. ತಮಗೆ ಅರ್ಧ ಗಂಟೆ ಬೇಕಾಯಿತು, ಚಿಕ್ಕಮ್ಮನಿಗೆ ಒಂದು ನೋಟ ಸಾಕಾಯಿತು. "ಇದು ಮೊಣಕಾಲಲ್ಲ ಕಣೋ. ನಿಮ್ಮ ಚಿಕ್ಕಪ್ಪಂಗೆ ಹೇಳು, ನಾಳೆ ಬಸ್ಸಿಗೆ ಬರ್ತಿದೀನಿ." ಸೂಜಿಗೆ ಹೆದರದ ಚಿಕ್ಕಪ್ಪನ ಮೊಣಕಾಲು ಈಗ ನಿಜಕ್ಕೂ ನಡುಗುತ್ತಿದೆ, ಬೇಕಿದ್ದರೆ ಬಂದು ಚಿತ್ರ ತೆಗೆದುಕೊಳ್ಳಿ.