ಸದ್ಯಕ್ಕೆ ಒಂದು ಚಕ್ಕೆ

ನೆಲ ಒರೆಸುವ ಕೆಲಸ ಅರ್ಧಕ್ಕೆ ನಿಂತದ್ದು ಒಂದು ಮರದ ಚಕ್ಕೆಯಿಂದ. ಅಂಚೆ ಕಚೇರಿಯ ಗುಮಾಸ್ತ ಅಂದು ರಜೆ ಹಾಕಿ, ಮಂಡಿಯೂರಿ ನಡುಮನೆ ಒರೆಸುತ್ತಾ ಮೂಲೆಗೆ ಬಂದಿದ್ದ. ದೊಡ್ಡ ಮರದ ಬೀರುವಿನ ಕಾಲಡಿಯಿಂದ ಚಕ್ಕೆಯೊಂದು ಸೊಟ್ಟ ಹಲ್ಲಿನ ಹಾಗೆ ಹೊರಗಿಣುಕುತ್ತಿತ್ತು.

ಅಪ್ಪ ಹೋಗಿ ಅಂದಿಗೆ ಒಂದು ವರ್ಷ. ಸಂಜೆ ನಾಲ್ಕಕ್ಕೆ ನೆಂಟರು, ನೆರೆಯವರು ಸೇರಿ ಅವರನ್ನು ನೆನೆಯುವುದೆಂದು ನಿಶ್ಚಯವಾಗಿತ್ತು. ಎಂಬತ್ತನಾಲ್ಕು ವರ್ಷ ಬದುಕಿದ ಆ ಜೀವ ಬಸ್ ಡಿಪೊದ ವರ್ಕ್‌ಶಾಪಿನಲ್ಲಿ ಇಡೀ ಆಯುಷ್ಯ ದುಡಿದು, ಮನೆಗೆ ಬಂದ ಮೇಲೂ ಕೈಕಟ್ಟಿ ಕೂತದ್ದಿಲ್ಲ. ಸೋರುವ ನಲ್ಲಿ, ಕುಂಟುವ ಕುರ್ಚಿ, ಹಟಮಾರಿ ಕಿಟಕಿ, ಎಲ್ಲಕ್ಕೂ ಒಂದು ತಂತಿ, ಒಂದು ದಾರ, ಒಂದು ಚಕ್ಕೆ. ಕೆಲಸ ಮುಗಿದೊಡನೆ ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತುಂಡಿನಿಂದ ಅಲ್ಲೇ ತಾರೀಖು ಗೀಚಿ, "ಸದ್ಯಕ್ಕೆ ಇದು ಸಾಕು. ಮುಂದೆ ಎಲ್ಲಾ ಸರಿಹೋಗುತ್ತೆ" ಅನ್ನುವರು. ಅವರ 'ಸದ್ಯಕ್ಕೆ' ಮೂವತ್ತು ವರ್ಷ ಬಾಳುತ್ತಿತ್ತು.

ಅಂಥವರ ಮಗನಿಗೆ ಮೊಳೆ ಹೊಡೆಯಲು ಬಾರದು. ಅವನು ಸುತ್ತಿಗೆ ಎತ್ತಿದರೆ ಮೊಳೆ ಬದುಕುತ್ತಿತ್ತು, ಹೆಬ್ಬೆರಳು ಸಾಯುತ್ತಿತ್ತು. ಅಪ್ಪ ಒಂದು ದಿನವೂ ಬೈಯಲಿಲ್ಲ. ನಗುತ್ತಾ ಸುತ್ತಿಗೆ ಇಸಿದುಕೊಳ್ಳುತ್ತಿದ್ದರು. ಆ ನಗುವೇ ಗುಮಾಸ್ತನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಅಪ್ಪನಿಗೆ ತನ್ನ ಮೇಲೆ ನಂಬಿಕೆಯೇ ಇರಲಿಲ್ಲವೇ? ಇವತ್ತಾದರೂ ಮನೆಯನ್ನು ಒಪ್ಪವಾಗಿಟ್ಟು, ನಾಲ್ಕು ಜನರೆದುರು ನಾಲ್ಕು ಮಾತಾಡಿ, ಇಂಥವರಿಗೆ ತಾನು ತಕ್ಕ ಮಗ ಅನ್ನಿಸಿಕೊಳ್ಳಬೇಕು.

"ಇಂಥ ದಿನ ಈ ಕೊಳಕು ಯಾಕೆ?" ಎಂದು ಚಕ್ಕೆಯನ್ನು ಕಿತ್ತು ಬಾಗಿಲ ಬಳಿಯ ಕಸದ ಬುಟ್ಟಿಗೆ ಎಸೆದ.

ಬೀರು ಒಮ್ಮೆ ನರಳಿತು. ಉಂಡು ಮಗ್ಗುಲಾಗುವ ಹಿರಿಯರ ಹಾಗೆ ನಿಧಾನವಾಗಿ ವಾಲಿ, ಮುಚ್ಚಿದ್ದ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿತು.

"ರೀ, ಬಾಗಿಲು ಯಾಕೆ ತೆಗೆಯೋಕೆ ಬರ್ತಿಲ್ಲ?" ಒಳಗಿನಿಂದ ಹೆಂಡತಿಯ ದನಿ.

"ಏನಿಲ್ಲ ಕಣೆ, ಒಂದ್ನಿಮಿಷ."

"ನಿಮ್ಮ ಒಂದ್ನಿಮಿಷ ಹದಿನಾಲ್ಕು ವರ್ಷದಿಂದ ನೋಡ್ತಿದೀನಿ. ಏನ್ ಕಿತ್ರಿ, ಅದು ಹೇಳಿ."

ಅರ್ಧ ಗಂಟೆ ಬೀರುವಿನೊಡನೆ ಕುಸ್ತಿಯಾಡಿದ. ತಲೆಮಾರುಗಳ ಪಾತ್ರೆ, ಹೊದಿಕೆ ನುಂಗಿದ ಬೀರು ಕೂದಲೆಳೆಯಷ್ಟೂ ಸರಿಯಲಿಲ್ಲ. ಚಕ್ಕೆಯನ್ನೇ ಮತ್ತೆ ಇಡೋಣವೆಂದು ಹೊರಗೋಡಿದರೆ, ಬುಟ್ಟಿ ಬರಿದು. ಕಸದ ಗಾಡಿ ಬಂದು ಹೋಗಿತ್ತು.

ಏಳು ವರ್ಷದ ಮಗಳು ಕೈ ಬೆನ್ನಹಿಂದೆ ಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಹೊಸದಾಗಿ ಓದು ಬಂದ ಹುಡುಗಿ. ಸೋಪಿನ ಹೊದಿಕೆಯನ್ನೂ ಬಿಡದೆ ಓದುವವಳು.

"ಅಪ್ಪಾ, ಒಂದು ಕೇಳ್ಲಾ?"

"ಆಮೇಲೆ ಪುಟ್ಟಿ, ಆಮೇಲೆ."

ಸದ್ದು ಕೇಳಿ ಪಕ್ಕದ ಮನೆಯ ದರ್ಜಿ ಕತ್ತರಿ ಹಿಡಿದೇ ಬಂದ. "ಏನ್ ಸಾರ್, ನಿಮ್ಮ ಬೀರು ಯಾರಿಗೆ ಇಷ್ಟು ಬಗ್ಗಿ ನಮಸ್ಕಾರ ಮಾಡ್ತಿದೆ?" ಎಂದು ನಕ್ಕು, ತುಂಡುಬಟ್ಟೆಯ ಗಂಟು ತಂದು ಕಾಲಡಿಗೆ ತುರುಕಿದ. ಗಂಟು ಕಾಗದದಷ್ಟು ತೆಳ್ಳಗಾಯಿತು. "ಯಜಮಾನ್ರು ಇರ್ಬೇಕಿತ್ತು ಸಾರ್. ನನ್ನ ಹೊಲಿಗೆ ಮೆಷಿನ್‌ಗೆ ಹಳೇ ಬಸ್ಸಿನ ಬೆಲ್ಟ್ ಸೀಳಿ ಕಟ್ಟಿಕೊಟ್ರು, ಸದ್ಯಕ್ಕೆ ಅಂತ. ನನ್ನ ಮೂರು ಮಕ್ಕಳು ಓದಿದ್ದು ಆ ಬೆಲ್ಟಿನ ಮೇಲೆ." ಮಾತು ಮುಗಿಯುವಾಗ ಅವನ ಕಣ್ಣು ಒದ್ದೆಯಾಗಿತ್ತು, ಬೀರು ಮಾತ್ರ ಕರಗಲಿಲ್ಲ.

ಹಿಂದೆಯೇ ನಿವೃತ್ತ ಹೆಡ್‌ಮೇಷ್ಟ್ರು ದಪ್ಪನೆಯ ನಿಘಂಟನ್ನು ಅಪ್ಪಿಕೊಂಡು ಬಂದರು. "ಇಡೀ ಭಾಷೆಯ ಭಾರ ಹೊತ್ತಿರೋ ಪುಸ್ತಕ ಕಣಯ್ಯ, ಒಂದು ಬೀರು ಹೊರಲ್ವಾ?" ಹೊತ್ತಿತು. ಬೀರು ಇನ್ನೊಂದು ಕಡೆಗೆ ವಾಲಿ ಕಿಟಕಿಯ ಗಾಜು ಚಟ್ಟೆಂದಿತು. ನಿಘಂಟು ಎಳೆದದ್ದೇ ತಡ, ಬೀರು ಮತ್ತೆ ತವರಿಗೆ ಬಂದಂತೆ ಅಡುಗೆಮನೆಗೆ ಒರಗಿತು.

ಗುಮಾಸ್ತ ಸೈಕಲ್ ಹತ್ತಿ ಕಸದ ಗಾಡಿಯನ್ನು ಅಟ್ಟಿಸಿಕೊಂಡು ಹೋದ. ಮೂರನೆಯ ಬೀದಿಯಲ್ಲಿ ಅದನ್ನು ಹಿಡಿದು, ಸೊಂಟದವರೆಗೆ ಒಳಗಿಳಿದು, ಐದು ಮರದ ತುಂಡು, ಗೊಂಬೆಯ ಒಂದು ಕಾಲು, ಹಿಂಬಾಲಿಸಿದ ಒಂದು ನಾಯಿಯೊಡನೆ ಮರಳಿದ.

"ಅಪ್ಪಾ, ಈಗ ಕೇಳ್ಲಾ?"

"ದೂರ ನಿಲ್ಲು ಪುಟ್ಟಿ, ನಾರ್ತಿದೀನಿ."

ಐದರಲ್ಲಿ ಒಂದೂ ಹೊಂದಲಿಲ್ಲ. ಗಂಟೆ ಮೂರೂಮುಕ್ಕಾಲು. ಕೊನೆಗೆ ಹೆಡ್‌ಮೇಷ್ಟ್ರೇ ದಾರಿ ಕಂಡುಹಿಡಿದರು: ಯಾರಾದರೊಬ್ಬರು ಬೀರುವಿಗೆ ಬೆನ್ನು ಕೊಟ್ಟು ಒತ್ತಿ ನಿಂತರೆ ಬಾಗಿಲು ತೆರೆಯುತ್ತದೆ. ಗುಮಾಸ್ತ ನಿಂತ. ಹೆಂಡತಿ ತಿಂಡಿಯ ತಟ್ಟೆಯೊಡನೆ ಹೊರಬಂದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಲ್ಲೇ ಇರಿ. ಟೀ ಇನ್ನೂ ಒಳಗಿದೆ."

ಹೀಗಾಗಿ ಅಪ್ಪನ ನೆನಪಿನ ಸಭೆ ನಡೆದಾಗ ಮಗ ಬೀರುವಿಗೆ ಅಂಟಿಕೊಂಡಿದ್ದ. ಅಪ್ಪನ ತಂಗಿ, ಎಂಬತ್ತರ ಹತ್ತಿರದ ಅತ್ತೆ, ಬಂದವರೇ ಅವನ ಕೆನ್ನೆ ತಟ್ಟಿದರು. "ನೋಡಪ್ಪ, ಒಂದು ಕಡೆ ಅಣ್ಣನ ಫೋಟೊ, ಒಂದು ಕಡೆ ನೀನು. ಅವನಾದ್ರೂ ನಗ್ತಿದಾನೆ." ಆಮೇಲೆ ಎಲ್ಲರಿಗೂ ಹೇಳಿದರು: "ಒಂದ್ಸಲ ಮನೆಗೆ ಮೊಣಕಾಲುದ್ದ ನೀರು ನುಗ್ಗಿತ್ತು. ನಾವೆಲ್ಲ ಮಂಚ ಹತ್ತಿ ಅಳ್ತಾ ಕೂತ್ರೆ, ಅಣ್ಣ 'ಬಿಡ್ರೋ, ನೆಲ ತೊಳೆಯೋ ಕೆಲಸ ತಪ್ಪಿತು' ಅಂದ. ಬೆಳಗಾಗೋದ್ರೊಳಗೆ ಒಬ್ಬನೇ ಎಲ್ಲಾ ನೀರು ಹೊರಹಾಕಿದ್ದ."

ದರ್ಜಿ ಬೆಲ್ಟಿನ ಕತೆ ಮತ್ತೆ ಹೇಳಿದ. ಶಾಲೆಯ ಬಿರುಕುಬಿಟ್ಟ ಗಂಟೆಗೆ ಆ ಹಿರಿಯರು ದನಿ ಬರಿಸಿದ್ದನ್ನು ಹೆಡ್‌ಮೇಷ್ಟ್ರು ನೆನೆದರು. ಪ್ರತಿಯೊಬ್ಬರ ಮನೆಯಲ್ಲೂ ಆ ಮುದುಕನ ಒಂದು 'ಸದ್ಯಕ್ಕೆ' ಇನ್ನೂ ಗಟ್ಟಿಯಾಗಿತ್ತು.

ಗುಮಾಸ್ತನ ಸರದಿ ಬಂತು. ಬರೆದಿಟ್ಟ ಭಾಷಣ ಜೇಬಿನಲ್ಲಿತ್ತು, ಬೀರುವನ್ನು ಒತ್ತಿಹಿಡಿದ ಕೈಗೆ ಬಿಡುವಿರಲಿಲ್ಲ.

"ಅಪ್ಪ ಈ ಮನೆಗೆ ಹೀಗೇ ಬೆನ್ನು ಕೊಟ್ಟು ನಿಂತಿದ್ರು," ಅಂದ. "ಅಷ್ಟು ವರ್ಷ. ನಾನು ಒಂದು ಗಂಟೆಗೇ ಸುಸ್ತಾದೆ." ಜನ ನಕ್ಕರು. ಅವನು ದನಿ ತಗ್ಗಿಸಿದ. "ನನ್ನ ಕೈಲಿ ಏನೂ ಆಗಲ್ಲ ಅಂತ ಅವರಿಗೆ ಗೊತ್ತಿತ್ತು. ಆದ್ರೂ ಒಂದು ದಿನ ಬೈಲಿಲ್ಲ."

'ಆಮೇಲೆ' ಅನ್ನುವವರು ಯಾರೂ ಇಲ್ಲದ ಆ ಹೊತ್ತಿನಲ್ಲಿ ಮಗಳು ಮುಂದೆ ಬಂದು, ಬೆನ್ನಹಿಂದಿನ ಕೈ ಚಾಚಿದಳು. ಕೈಯಲ್ಲಿ ಚಕ್ಕೆ!

"ಇದು ನಿನ್ನ ಹತ್ರ ಹೇಗೆ ಬಂತೇ?"

"ಬುಟ್ಟೀಲಿ ಇತ್ತು. ಅಕ್ಷರ ಕಾಣ್ತು, ತಗೊಂಡೆ. ನೀನೇ ಆಮೇಲೆ ಆಮೇಲೆ ಅಂದೆ."

"ಅಕ್ಷರವೇ? ಓದು ಮಗು," ಅಂದರು ಹೆಡ್‌ಮೇಷ್ಟ್ರು.

ಅವಳು ಬೆರಳಿಟ್ಟು ಓದಿದಳು. ಒಂದು ಮಗ್ಗುಲಲ್ಲಿ ಮೂವತ್ತಾರು ವರ್ಷ ಹಿಂದಿನ ತಾರೀಖು: "ಸದ್ಯಕ್ಕೆ ಈ ಚಕ್ಕೆ. ಮಗ ದೊಡ್ಡವನಾದ ಮೇಲೆ ಸರಿಯಾಗಿ ಮಾಡುತ್ತಾನೆ. ಖಂಡಿತ." ತಿರುಗಿಸಿದಳು. ಗುಮಾಸ್ತನ ಮದುವೆಯಾದ ವರ್ಷ: "ಇನ್ನೇನು, ಸ್ವಲ್ಪ ದಿನ." ಮತ್ತೆ ತಿರುಗಿಸಿದಳು. ನಡುಗುವ ಕೈಬರಹ, ಎರಡು ವರ್ಷದ ಹಿಂದಿನದು: "ಅವಸರವಿಲ್ಲ. ಮಾಡುತ್ತಾನೆ."

ಗುಮಾಸ್ತನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲೆಂದು ಬೆನ್ನು ಸಡಿಲಿಸಿದ್ದೇ ತಡ, ಬೀರು ವಾಲಿ ಅಡುಗೆಮನೆಯ ಬಾಗಿಲು ಧಡ್ಡೆಂದು ಮುಚ್ಚಿತು. ಎರಡನೆಯ ಸಲ ಟೀ ತರಲು ಹೋಗಿದ್ದ ಹೆಂಡತಿ ಒಳಗಿನಿಂದ "ರೀ!" ಎಂದು ಕೂಗಿದಳು.

ಮಗಳಿಗೆ ಅದಾವುದೂ ಬೇಕಿರಲಿಲ್ಲ. ಬೆಳಿಗ್ಗೆಯಿಂದ ನಾಲಿಗೆಯ ತುದಿಯಲ್ಲಿ ಕಾದಿದ್ದನ್ನು ಅವಳು ಎಲ್ಲರೆದುರು, ಗಟ್ಟಿಯಾಗಿ ಕೇಳಿದಳು:

"ಅಪ್ಪಾ, ನೀನು ದೊಡ್ಡೋನಾಗೋದು ಯಾವಾಗ?"