ಶ್ರೀ ಹಲಾಸ್ ಅವರಿಗೆ ದಯೆ ತೋರುವುದನ್ನು ನಿಲ್ಲಿಸುವ ಬಗ್ಗೆ

ಟೊಲೆಡೊ ಹೆರನ್ಸ್ ಅಮೆರಿಕನ್ ಫುಟ್‌ಬಾಲ್ ಸಂಸ್ಥೆ, ಆಡಳಿತ ಶಾಖೆ
ಸಂಖ್ಯೆ: ಟೊಹೆ/ಆಡ/ಮುಖಭಾವ/17
ಏಪ್ರಿಲ್, ಡ್ರಾಫ್ಟ್‌ಗೆ ಹಿಂದಿನ ವಾರ

ಸುತ್ತೋಲೆ

ವಿಷಯ: ಡುಲೂತ್ ತಂಡದ ಕ್ವಾರ್ಟರ್‌ಬ್ಯಾಕ್ ವಿನಿಮಯದ ನಂತರ ನಮ್ಮ ನೌಕರರಲ್ಲಿ ಕಂಡುಬಂದಿರುವ ಅತಿ ದಯೆ.

ಉಲ್ಲೇಖ: ಮಂಗಳವಾರ ಬೆಳಿಗ್ಗೆ ಅಡುಗೆಮನೆಯಿಂದ ಬಂದ, ದಾಲ್ಚಿನ್ನಿ ಹಾಕಿದ ಸೇಬಿನ ಕೇಕಿನ ವಾಸನೆ. ಕೆಳಗೆ ಸಹಿ ಮಾಡಿದವರ ಬಾಲ್ಯದಲ್ಲಿ, ಹಬ್ಬವಿಲ್ಲದ ದಿನ ಮನೆಯಲ್ಲಿ ಈ ವಾಸನೆ ಬಂದರೆ ಅಪ್ಪನ ಕೆಲಸ ಹೋಗಿದೆಯೆಂದು ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪ್ರಸ್ತಾವನೆ:

ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೂರನೆಯ ಸರದಿ ಡುಲೂತ್ ತಂಡದ್ದು, ನಾಲ್ಕನೆಯದು ನಮ್ಮದು. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಟೈರಸ್ ಬೋಗನ್ ಎಂಬ ಹುಡುಗನನ್ನು ಡುಲೂತ್‌ನವರು ಒಯ್ಯುತ್ತಾರೆಂದು ತಿಳಿದು, ನಾವು ಬೇರೊಬ್ಬ ಭಾರೀ ಮೈಕಟ್ಟಿನ ಆಟಗಾರನಿಗೆ ಮನಸ್ಸು ಮಾಡಿದ್ದೆವು. ಸೋಮವಾರ ಡುಲೂತ್‌ನವರು ಪಳಗಿದ ಕ್ವಾರ್ಟರ್‌ಬ್ಯಾಕ್ ಒಬ್ಬರನ್ನು ಬೇರೆ ತಂಡದಿಂದ ವಿನಿಮಯದಲ್ಲಿ ಪಡೆದುಬಿಟ್ಟರು. ಈಗ ಅವರಿಗೆ ಬೋಗನ್ ಬೇಡ; ನಮಗೆ ಬೇಕು. ನಮಗೆ ಬೇಕೆಂಬುದು ಹೊರಗೆ ಗೊತ್ತಾದರೆ, ಅವನ ಮೇಲೆಯೇ ಕಣ್ಣಿಟ್ಟಿರುವ ಏಳನೆಯ ಸರದಿಯ ಒಮಾಹಾ ತಂಡ ಡುಲೂತ್‌ನ ಸರದಿಯನ್ನೇ ಕೊಂಡು ನಮ್ಮ ಮುಂದೆ ನುಗ್ಗುತ್ತದೆ.

ಗುಟ್ಟನ್ನು ಯಾರೂ ಬಾಯಿ ಬಿಟ್ಟು ಹೇಳಿಲ್ಲ. ಆದರೆ ಹುಡುಗ ಬಂದರೆ ಜಾಗ ಬಿಡಬೇಕಾದವರು ನಮ್ಮ ಈಗಿನ ಕ್ವಾರ್ಟರ್‌ಬ್ಯಾಕ್ ಶ್ರೀ ರಾಯ್ಸ್ ಹಲಾಸ್. ಅವರಿಗೆ ಈ ವಿಷಯ ತಿಳಿಸಿಲ್ಲ. ಬದಲಿಗೆ ಸೋಮವಾರದಿಂದ ಎಲ್ಲರೂ ಅವರ ಪಾಲಿಗೆ ವಿಪರೀತ ಒಳ್ಳೆಯವರಾಗಿದ್ದಾರೆ. ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವ ಪತ್ರಕರ್ತೆಯೊಬ್ಬರು ಇದನ್ನೆಲ್ಲ ನೋಡುತ್ತಿದ್ದಾರೆ. ಆದ್ದರಿಂದ ಡ್ರಾಫ್ಟ್ ಮುಗಿಯುವವರೆಗೆ ಈ ಕೆಳಕಂಡಂತೆ ನಡೆದುಕೊಳ್ಳಲು ಆದೇಶಿಸಲಾಗಿದೆ.

1. ಗೇಟಿನ ಕಾವಲುಗಾರರಾದ ಶ್ರೀ ಡ್ವೇನ್ ಪೆಟಿಬೋನ್ ಅವರು ಶ್ರೀ ಹಲಾಸ್ ಅವರ ಬ್ಯಾಗ್ ಹೊರತಕ್ಕದ್ದಲ್ಲ. ಬುಧವಾರ ಅವರು, "ನೀನ್ ನಡಿಯಪ್ಪಾ ರಾಯ್ಸ್, ಬ್ಯಾಗ್ ನಾನ್ ತರ್ತೀನಿ" ಎಂದದ್ದಕ್ಕೆ ಶ್ರೀ ಹಲಾಸ್, "ಏನ್ ಡ್ವೇನಣ್ಣ, ಇಷ್ಟ್ ವರ್ಷ ದಿನಾ ನಿಲ್ಸಿ ಕಾರ್ಡ್ ತೋರ್ಸು ಅಂತಿದ್ದೆ. ನನ್ ಎಕ್ಸ್-ರೇಯಲ್ಲಿ ಏನಾದ್ರೂ ಬಂದಿದ್ಯಾ?" ಎಂದು ಕೇಳಿರುವುದು ದಾಖಲಾಗಿದೆ.

2. ಅಡುಗೆಯ ಶ್ರೀಮತಿ ಇಲೋನಾ ಸಬೋ ಅವರು ಎಲ್ಲರಿಗೂ ಸಮನಾಗಿ ಬಡಿಸತಕ್ಕದ್ದು. ಬಟ್ಟಲಿನ ತಳದಲ್ಲಿ ಅಡಗಿಸಿಟ್ಟ ಮಾಂಸದ ತುಂಡೂ ದಯೆಯೆಂದೇ ಪರಿಗಣಿಸಲ್ಪಡುತ್ತದೆ.

3. ಶ್ರೀ ಹಲಾಸ್ ಅವರ ಮಂಡಿಪಟ್ಟಿಯನ್ನು ಬಟ್ಟೆ ಒಣಗಿಸುವ ಯಂತ್ರದಲ್ಲಿ ಬೆಚ್ಚಗೆ ಮಾಡಿ ಕೊಡುವುದನ್ನು ನಿಷೇಧಿಸಲಾಗಿದೆ. ಪಟ್ಟಿ ಸಾಕಷ್ಟು ತಣ್ಣಗಿದೆಯೆಂದು ಇನ್ನೊಬ್ಬ ನೌಕರರು ಕೆನ್ನೆಗೊತ್ತಿ ದೃಢೀಕರಿಸತಕ್ಕದ್ದು.

4. ಅವರು ಕುಂಟುತ್ತ ಬರುವಾಗ ಲಿಫ್ಟಿನ ಬಾಗಿಲು ಹಿಡಿದು ನಿಲ್ಲುವಂತಿಲ್ಲ. ಬಾಗಿಲು ತಾನಾಗಿಯೇ ಕಾದು ನಿಂತಲ್ಲಿ ಲಿಫ್ಟಿನಿಂದ ವಿವರಣೆ ಕೇಳಲಾಗುವುದು.

5. ಪ್ರತಿಯೊಬ್ಬ ನೌಕರರೂ ದಿನಕ್ಕೊಮ್ಮೆ ಶ್ರೀ ಹಲಾಸ್ ಅವರನ್ನು ಹಂಗಿಸುವುದು ಕಡ್ಡಾಯ. "ನಮ್ಮಜ್ಜಿ ಬೆಕ್ಕಿಗೆ ಚಪ್ಪಲಿ ಎಸೆದ್ರೂ ನಿನ್ಗಿಂತ ನೆಟ್ಟಗೆ ಹೋಗುತ್ತೆ" ಎಂಬುದನ್ನು ಶಾಖೆ ಅನುಮೋದಿಸಿದೆ. ಮೂಗೊರೆಸಿಕೊಳ್ಳುತ್ತ ಹೇಳಿದ ಹಂಗಿಸುವ ಮಾತು ಲೆಕ್ಕಕ್ಕಿಲ್ಲ, ಮತ್ತೊಮ್ಮೆ ಹೇಳತಕ್ಕದ್ದು. ನಿನ್ನೆ ಬಟ್ಟೆ ಒಗೆಯುವ ವಿಭಾಗದವರು ಇದನ್ನು ಹೇಳಲು ಹೋಗಿ ಬಿಕ್ಕಿದಾಗ, ಶ್ರೀ ಹಲಾಸ್ ಅವರೇ "ಅಳ್ಬೇಡ ಮಾರಾಯ್ತಿ, ಬೆಕ್ಕಿಗೇನೂ ಆಗಿಲ್ಲ" ಎಂದು ಸಮಾಧಾನ ಮಾಡಬೇಕಾಯಿತು. ಇದು ನಿಯಮಬಾಹಿರ.

6. ಪ್ರಧಾನ ವ್ಯವಸ್ಥಾಪಕರು ಶ್ರೀ ಹಲಾಸ್ ಅವರನ್ನು ಕಾರಣವಿಲ್ಲದೆ ಅಪ್ಪಿಕೊಳ್ಳತಕ್ಕದ್ದಲ್ಲ. ಅಪ್ಪಿಕೊಂಡೇ ಬಿಟ್ಟಲ್ಲಿ, ಜಾರಿ ಬೀಳುತ್ತಿದ್ದೆ ಎಂದು ತಿಳಿಸತಕ್ಕದ್ದು.

7. ದಯೆಯನ್ನು ತಡೆದುಕೊಳ್ಳಲು ಸಾಧ್ಯವೇ ಇಲ್ಲದವರು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಬಹುದು. ಅರ್ಜಿಗಳನ್ನು ಡ್ರಾಫ್ಟ್ ಮುಗಿದ ಮೇಲೆ, ಅಂದರೆ ಯಾರಿಗೂ ಪ್ರಯೋಜನವಿಲ್ಲದಾಗ, ಸಹಾನುಭೂತಿಯಿಂದ ಪರಿಶೀಲಿಸಲಾಗುವುದು.

ಉಲ್ಲಂಘಿಸಿದವರ ಮೇಲೆ ಕ್ರಮ ಜರುಗಿಸಲಾಗುವುದು. ಇದುವರೆಗೆ ಉಲ್ಲಂಘಿಸದವರು ಯಾರೂ ಇಲ್ಲದಿರುವುದರಿಂದ ಕ್ರಮ ಜರುಗಿಸುವವರು ಯಾರೆಂಬುದನ್ನು ಪ್ರತ್ಯೇಕವಾಗಿ ತಿಳಿಸಲಾಗುವುದು.

ಸಹಿ/-
ಅರ್ಡಿತ್ ಕೀಲರ್
ಅಧೀಕ್ಷಕಿ, ಆಡಳಿತ ಶಾಖೆ

ಪ್ರತಿಗಳು:

1. ಶ್ರೀ ಪೆಟಿಬೋನ್, ಗೇಟು: ಕಣ್ಣೊರೆಸಿಕೊಂಡು ಓದಲು.

2. ಬಟ್ಟೆ ಒಗೆಯುವ ವಿಭಾಗ: ಅಭ್ಯಾಸಕ್ಕಾಗಿ.

3. ಪ್ರಧಾನ ವ್ಯವಸ್ಥಾಪಕರು: ಕೈಗಳನ್ನು ಜೇಬಿನಲ್ಲಿಟ್ಟುಕೊಳ್ಳುವ ಕೋರಿಕೆಯೊಂದಿಗೆ.

4. ಲಿಫ್ಟ್: ವಿವರಣೆಗಾಗಿ.

5. ಶ್ರೀ ರಾಯ್ಸ್ ಹಲಾಸ್: ಮಾಹಿತಿಗಾಗಿ. ಇಷ್ಟು ವರ್ಷ ನಮಗಾಗಿ ಆಡಿದವರು ಇದನ್ನು ಪತ್ರಿಕೆಯಲ್ಲಿ ಓದಿ ತಿಳಿಯತಕ್ಕದ್ದಲ್ಲ. ಈ ಪ್ರತಿಯನ್ನು ಸಹಿ ಮಾಡಿದವರೇ ಅವರ ಕಾರಿನ ಬಳಿ ಕಾದು ನಿಂತು, ಕೋಸಿನೆಲೆಯಲ್ಲಿ ಸುತ್ತಿ ಬೇಯಿಸಿದ ಊಟದ ಬಿಸಿ ಡಬ್ಬಿಯೊಂದಿಗೆ, ಅವರ ಕೈಗೆ ಕೊಡತಕ್ಕದ್ದು. ಡಬ್ಬಿ ಹಿಂತಿರುಗಿಸಬೇಕಾಗಿಲ್ಲ.